ಪಿಜ್ಜಾಕ್ಕಾಗಿ ಆಡುವವರು ಯಾರು?

ಜಾನ್ ಗ್ರಿಶಮ್ ಎಂದರೆ ಇಂಗ್ಲಿಷ್ ಕಾದಂಬರಿ ಓದುವ ನಮ್ಮವರಿಗೆ ನೆನಪಾಗುವುದು ಕೋರ್ಟು, ಜ್ಯೂರಿ, ದೊಡ್ಡ ಕಂಪೆನಿಯ ಎದುರು ನಿಂತ ಬಡಪಾಯಿ ವಕೀಲ. ಫುಟ್‌ಪಾತಿನ ಹಳೆ ಪುಸ್ತಕದ ರಾಶಿಗೆ ಕೈಹಾಕಿದರೆ ಅವರ ಒಂದಾದರೂ ಪುಸ್ತಕ ಸಿಕ್ಕೇ ಸಿಗುತ್ತದೆ. ನಮಗೆ ‘ಪ್ಲೇಯಿಂಗ್ ಫಾರ್ ಪಿಜ್ಜಾ’ ಸಿಕ್ಕಿದ್ದೂ ಹಾಗೆಯೇ. 2007ರಲ್ಲಿ ಪ್ರಕಟವಾದ ಈ ಸಣ್ಣ ಕಾದಂಬರಿಯಲ್ಲಿ ಕೋರ್ಟಿನ ಗದ್ದಲವಿಲ್ಲ. ಒಬ್ಬ ನ್ಯಾಯಾಧೀಶನೇನೋ ಇದ್ದಾನೆ, ಆದರೆ ಅವನಿಗೆ ಕಥೆಯಲ್ಲಿ ಜಾಗ ಸಿಕ್ಕಿರುವುದು ತೀರ್ಪು ಬರೆಯುವುದಕ್ಕಲ್ಲ, ಹೆಲ್ಮೆಟ್ ತೊಟ್ಟು ಮೈದಾನಕ್ಕೆ ಇಳಿಯುವುದಕ್ಕೆ. ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆವು. ಖುಷಿಯೂ ಆಯಿತು. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ ಏನೋ ಒಂದು ಅಸಮಾಧಾನ ಉಳಿದುಕೊಂಡಿತು. ಅದರ ಮೂಲ ಹುಡುಕುತ್ತ ಹೋದಾಗ ಕಾದಂಬರಿಯಿಂದಾಚೆಗೆ, ಇಟಲಿಯ ಬೇಸ್‌ಬಾಲ್ ಮೈದಾನಗಳವರೆಗೂ ಹೋಗಬೇಕಾಯಿತು.

ಕಥೆ ಸರಳ. ರಿಕ್ ಡಾಕರಿ ಎಂಬಾತ ಅಮೆರಿಕನ್ ಫುಟ್‌ಬಾಲ್ ಆಟಗಾರ. ಇದು ಕಾಲಿನಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎಸೆದು, ಹಿಡಿದು, ಎದುರಾಳಿಗೆ ಡಿಕ್ಕಿ ಹೊಡೆದು ಓಡುವ ಆಟ. ಅದರಲ್ಲಿ ಚೆಂಡೆಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಕ್ಲೀವ್‌ಲ್ಯಾಂಡ್ ತಂಡದ ಮೂರನೇ ಸಾಲಿನ ಕ್ವಾರ್ಟರ್‌ಬ್ಯಾಕ್ ಆದ ರಿಕ್, ಬೆಂಚಿನ ಮೇಲೆ ಕೂತೇ ಸಂಬಳ ಎಣಿಸುವವನು. ಅಪರೂಪಕ್ಕೆ ಅವಕಾಶ ಸಿಕ್ಕ ದಿನ, 17 ಅಂಕ ಮುಂದಿದ್ದ ತನ್ನ ತಂಡವನ್ನು ಕೊನೆಯ ಕೆಲವೇ ನಿಮಿಷಗಳಲ್ಲಿ ಸೋಲಿಸಿ ಕೂರುತ್ತಾನೆ. ಆಸ್ಪತ್ರೆಯಲ್ಲಿ ಕಣ್ಣು ಬಿಡುವ ಹೊತ್ತಿಗೆ ಊರಿಗೆ ಊರೇ ಅವನ ವೈರಿ. ಪತ್ರಿಕೆಯ ಅಂಕಣಕಾರ ಚಾರ್ಲಿ ಕ್ರೇ ಅವನನ್ನು ಹರಿದು ಮುಕ್ಕುತ್ತಾನೆ. ಅಮೆರಿಕದ ಯಾವ ತಂಡಕ್ಕೂ ಬೇಡವಾದವನಿಗೆ ಏಜೆಂಟ್ ಆರ್ನಿ ಹುಡುಕಿ ಕೊಡುವ ಕೆಲಸ ಇಟಲಿಯಲ್ಲಿ, ‘ಪಾರ್ಮಾ ಪ್ಯಾಂಥರ್ಸ್’ ಎಂಬ ತಂಡದಲ್ಲಿ. ಕೋಚ್ ಸ್ಯಾಮ್ ರೂಸೊ ಅವನನ್ನು ಬರಮಾಡಿಕೊಳ್ಳುತ್ತಾನೆ. ಇರಲು ಒಂದು ಮನೆ, ಓಡಾಡಲು ಒಂದು ಪುಟ್ಟ ಕಾರು, ಕೈಗೆ ಅಷ್ಟಿಷ್ಟು ದುಡ್ಡು. ಹೀಗೆ ಸಂಬಳ ಪಡೆಯುವವರು ತಂಡದಲ್ಲಿ ಮೂವರು ಅಮೆರಿಕನ್ನರು ಮಾತ್ರ. ಉಳಿದವರೆಲ್ಲ ಇಟಲಿಯವರು: ಒಬ್ಬ ನ್ಯಾಯಾಧೀಶ, ಒಬ್ಬ ಪೊಲೀಸ್, ಒಬ್ಬ ಹೋಟೆಲ್ ಮಾಲೀಕ. ಹಗಲೆಲ್ಲ ದುಡಿದು ಬಂದು ಆಡುವ ಅವರಿಗೆ ಸಿಗುವುದು ಪಂದ್ಯ ಮುಗಿದ ಮೇಲಿನ ಪಿಜ್ಜಾ ಮತ್ತು ಬಿಯರ್. ಕಾದಂಬರಿಯ ಹೆಸರು ಬಂದಿರುವುದು ಅಲ್ಲಿಂದ. ಮುಂದಿನದನ್ನು ಓದುಗರೇ ಊಹಿಸಬಲ್ಲರು. ಒಂದು ಒಪೆರಾ, ಒಬ್ಬಳು ಗಾಯಕಿ, ಆಮೇಲೆ ಲಿವ್ವಿ ಎಂಬ ಅಮೆರಿಕನ್ ವಿದ್ಯಾರ್ಥಿನಿಯ ಜೊತೆ ಪ್ರೇಮ, ಎರಡೆರಡು ಗಂಟೆ ನಡೆಯುವ ಊಟಗಳು, ಕೊನೆಗೆ ಬೆರ್ಗಾಮೊ ತಂಡದ ವಿರುದ್ಧ ಫೈನಲ್.

ಗ್ರಿಶಮ್ ಮೋಸದ ಬರಹಗಾರರಲ್ಲ. ಇನ್ನೊಂದು ಕಾದಂಬರಿಗಾಗಿ ಬೊಲೋನ್ಯಾ ನಗರದಲ್ಲಿ ಮಾಹಿತಿ ಕಲೆಹಾಕುತ್ತಿದ್ದಾಗ ಇಟಲಿಯಲ್ಲೂ ಅಮೆರಿಕನ್ ಫುಟ್‌ಬಾಲ್ ಇದೆ ಎಂದು ತಿಳಿದು ಬೆರಗಾದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಬೆರಗು ಪುಟಪುಟದಲ್ಲೂ ಇದೆ. ಪಾರ್ಮಾ ಪ್ಯಾಂಥರ್ಸ್ ಎಂಬ ತಂಡವೂ ಕಲ್ಪನೆಯದಲ್ಲ, ನಿಜಕ್ಕೂ ಇರುವಂಥದು. ಹಣಕ್ಕಾಗಿ ಅಲ್ಲದೆ ಗೆಳೆತನಕ್ಕಾಗಿ, ಮೈ ನೋಯಿಸಿಕೊಳ್ಳುವ ಸುಖಕ್ಕಾಗಿ ಆಡುವ ಗಂಡಸರ ಬಗ್ಗೆ ಲೇಖಕರಿಗೆ ನಿಜವಾದ ಪ್ರೀತಿಯಿದೆ. ಕೋಟಿಗಳ ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವುದನ್ನು ಟಿ.ವಿ.ಯಲ್ಲಿ ಕೂತು ನೋಡುವ ನಮಗೆ ಈ ಭಾಗಗಳು ತಂಪೆನಿಸುತ್ತವೆ.

ಆದರೆ ಒಂದು ಪ್ರಶ್ನೆಯನ್ನು ಪುಸ್ತಕ ಕೇಳುವುದೇ ಇಲ್ಲ. ಒಂದೇ ಮೈದಾನ, ಒಂದೇ ಅಂಗಿ, ಒಂದೇ ಸೋಲು-ಗೆಲುವು. ಹಾಗಿರುವಾಗ ಒಬ್ಬನಿಗೆ ಸಂಬಳ, ಮನೆ, ಕಾರು. ಇನ್ನೊಬ್ಬನಿಗೆ ಪಿಜ್ಜಾ ಏಕೆ? ಅಮೆರಿಕದವನು ಚೆನ್ನಾಗಿ ಆಡುತ್ತಾನೆ, ಅದಕ್ಕೆ ಎಂಬುದು ಸುಲಭದ ಉತ್ತರ. ಚೆನ್ನಾಗಿ ಆಡುವವನು ಅಮೆರಿಕದವನೇ ಯಾಕಾದ, ಆ ಆಟ ಇಟಲಿಗೆ ಬಂದದ್ದು ಹೇಗೆ, ಬಂದ ಮೇಲೆ ಅಲ್ಲಿಯ ಹುಡುಗರಿಗೆ ಅದು ಏನು ಕೊಟ್ಟಿತು, ಏನು ಕೊಡಲಿಲ್ಲ ಎಂದು ಕೇಳತೊಡಗಿದರೆ ಉತ್ತರ ಅಷ್ಟು ಸುಲಭವಲ್ಲ. ಗ್ರಿಶಮ್ ಅವರ ಕಣ್ಣಿಗೆ ಇಟಲಿ ಒಂದು ಆಸ್ಪತ್ರೆ. ಗಾಯಗೊಂಡ ಅಮೆರಿಕದವನು ಅಲ್ಲಿಗೆ ಬಂದು, ಒಳ್ಳೆಯ ಊಟ ಮಾಡಿ ಗುಣವಾಗುತ್ತಾನೆ. ಆಸ್ಪತ್ರೆಯ ಕೆಲಸಗಾರರಿಗೂ ಒಂದು ಕಥೆ ಇದ್ದೀತು ಎಂಬ ಅನುಮಾನ ಅವರಿಗೆ ಬರುವುದಿಲ್ಲ.

ಆ ಕಥೆ ಬೇಕಾದವರು ಬೇಸ್‌ಬಾಲ್ ಕಡೆ ನೋಡಬೇಕು. ಯುರೋಪಿಗೆ ಹೋಗಿ ಒಂದು ಋತು ಆಡಿ ಬರುವ ಅಮೆರಿಕನ್ನರ ಸಂಪ್ರದಾಯ ಅಮೆರಿಕನ್ ಫುಟ್‌ಬಾಲಿಗಿಂತ ಮೊದಲೇ ಬೇರುಬಿಟ್ಟದ್ದು ಬೇಸ್‌ಬಾಲಿನಲ್ಲಿ. ಗ್ರಿಶಮ್ ಅವರ ಕಥೆ ನಡೆಯುವ ಅದೇ ಪಾರ್ಮಾ ನಗರದ ಬೇಸ್‌ಬಾಲ್ ತಂಡ ಅನೇಕ ಸಲ ಇಟಲಿಯ ಚಾಂಪಿಯನ್ ಆಗಿದೆ, ಯುರೋಪಿನ ಕಪ್ಪನ್ನೂ ಹಲವು ಬಾರಿ ಗೆದ್ದಿದೆ. ಆದರೆ ಕಥೆಯ ಬೇರು ಇರುವುದು ಪಾರ್ಮಾದಲ್ಲಲ್ಲ, ರೋಮ್ ನಗರದ ದಕ್ಷಿಣಕ್ಕಿರುವ ನೆತ್ತೂನೊ ಎಂಬ ಕಡಲೂರಿನಲ್ಲಿ.

1944ರ ಜನವರಿ 22ರಂದು ಅಮೆರಿಕ ಮತ್ತು ಬ್ರಿಟನ್ ಪಡೆಗಳು ಆಂಜಿಯೊ ಮತ್ತು ನೆತ್ತೂನೊ ತೀರದಲ್ಲಿ ಇಳಿದವು. ಮುಂದಿನ ನಾಲ್ಕು ತಿಂಗಳು ಅಲ್ಲಿ ನಡೆದದ್ದು ಭೀಕರ ಯುದ್ಧ. ಸತ್ತ ಅಮೆರಿಕನ್ ಸೈನಿಕರಿಗಾಗಿ ನೆತ್ತೂನೊದಲ್ಲಿ ಒಂದು ದೊಡ್ಡ ಸ್ಮಶಾನ ನಿರ್ಮಾಣವಾಯಿತು. ಸಿಸಿಲಿಯಿಂದ ರೋಮ್‌ವರೆಗಿನ ಹೋರಾಟದಲ್ಲಿ ಮಡಿದ 7,800ಕ್ಕೂ ಹೆಚ್ಚು ಮಂದಿಯ ಗೋರಿಗಳು ಇಂದಿಗೂ ಅಲ್ಲಿವೆ. ಆ ಸ್ಮಶಾನದ ಕೆಲಸ ನೋಡಿಕೊಳ್ಳಲು ಉಳಿದ ಸೈನಿಕರು ಬಿಡುವಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದರು, ಅವರ ಜೊತೆ ಕೆಲಸಕ್ಕಿದ್ದ ಊರಿನ ಹುಡುಗರು ನೋಡಿ ಕಲಿತರು. ಇಟಲಿಯ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1948ರಲ್ಲಿ. 1951ರಿಂದ 1954ರವರೆಗೆ ಸತತ ನಾಲ್ಕು ವರ್ಷ ಚಾಂಪಿಯನ್ ಆದದ್ದು ನೆತ್ತೂನೊ. ಮುಂದೆ 2001ರವರೆಗೆ ಒಟ್ಟು ಹದಿನೇಳು ಬಾರಿ ಆ ಪಟ್ಟ ಆ ಊರಿಗೆ ಬಂತು. 1957ರಲ್ಲಿ ಅಮೆರಿಕದ ಮಹಾ ಆಟಗಾರ ಜೋ ಡಿಮ್ಯಾಜಿಯೊ, ಸಿಸಿಲಿಯಿಂದ ವಲಸೆ ಹೋದ ಮೀನುಗಾರನ ಮಗ, ನೆತ್ತೂನೊಗೆ ಬಂದು ಬ್ಯಾಟ್ ಬೀಸಿ ಹೋದದ್ದನ್ನು ಊರವರು ತಲೆಮಾರುಗಳಿಂದ ಹೇಳಿಕೊಂಡು ಬರುತ್ತಿದ್ದಾರೆ.

ಆಟವೊಂದು ಸೈನ್ಯದ ಬೆನ್ನೇರಿ ಬರುವುದು ನಮಗೆ ಹೊಸದಲ್ಲ. ಕ್ರಿಕೆಟ್ ಬಂದದ್ದು ಯಾರ ಜೊತೆ ಎಂದು ನಾವು ಮರೆತಿಲ್ಲ. ಬೇಸ್‌ಬಾಲನ್ನು ಜಗತ್ತಿಗೆ ಮಾರುವ ಆಸೆ ಸೈನ್ಯಕ್ಕಿಂತಲೂ ಹಳೆಯದು. ಕ್ರೀಡಾಸಾಮಗ್ರಿಯ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ 1888-89ರಲ್ಲಿ ಎರಡು ತಂಡಗಳನ್ನು ಕಟ್ಟಿಕೊಂಡು ಭೂಮಿ ಸುತ್ತಿದ. ಕೊಲಂಬೊದಲ್ಲಿ ಆಡಿಸಿದ, ಈಜಿಪ್ಟಿನ ಪಿರಮಿಡ್ಡುಗಳ ಬುಡದಲ್ಲಿ ಆಡಿಸಿದ. ಆಟಗಾರರು ಸ್ಫಿಂಕ್ಸ್ ವಿಗ್ರಹದ ಮೇಲೆ ಹತ್ತಿ ಕೂತು ಫೋಟೊ ತೆಗೆಸಿಕೊಂಡರು. ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಜನ ಕುತೂಹಲದಿಂದ ನೋಡಿದರು, ಮನೆಗೆ ಹೋದರು. ಆಟ ಬೇರು ಬಿಡಲಿಲ್ಲ. ಬೇರು ಬಿಟ್ಟದ್ದು ಅರವತ್ತು ವರ್ಷಗಳ ನಂತರ, ಸ್ಮಶಾನದ ಪಕ್ಕದ ಬಯಲಿನಲ್ಲಿ. ಇದರಲ್ಲಿ ವಿಪರ್ಯಾಸವಿದೆ, ಸ್ವಲ್ಪ ಘನತೆಯೂ ಇದೆ. ಮಾರಲು ಬಂದವನಿಂದ ಯಾರೂ ಕೊಳ್ಳಲಿಲ್ಲ. ಗೋರಿ ಕಾಯುತ್ತಿದ್ದವನ ಬಳಿ ಕೇಳಿ ಕಲಿತರು.

ಇನ್ನು ಗ್ರಿಶಮ್ ಅವರ ನಾಯಕನ ಎದುರು ನಿಲ್ಲಿಸಲು ಒಬ್ಬ ನಿಜ ಮನುಷ್ಯ ಬೇಕಿದ್ದರೆ ಅದೂ ನೆತ್ತೂನೊದಲ್ಲೇ ಸಿಗುತ್ತಾರೆ. ಅವರ ಹೆಸರು ಲೆನಿ ರ್‍ಯಾಂಡಲ್. ಕಪ್ಪು ಅಮೆರಿಕನ್ ಆಟಗಾರ, ಹನ್ನೆರಡು ಋತು ಅಮೆರಿಕದ ಅತ್ಯುನ್ನತ ಲೀಗಿನಲ್ಲಿ ಆಡಿದವರು. 1977ರಲ್ಲಿ, ಖಾಯಂ ಸ್ಥಾನ ಕೈತಪ್ಪಿದ ಸಿಟ್ಟಿನಲ್ಲಿ, ಟೆಕ್ಸಸ್ ತಂಡದ ಮ್ಯಾನೇಜರ್ ಫ್ರಾಂಕ್ ಲುಕೇಸಿಗೆ ಹೊಡೆದು ಅವರನ್ನು ಆಸ್ಪತ್ರೆ ಸೇರಿಸಿದರು. ಮೂವತ್ತು ದಿನ ಅಮಾನತು, 10,000 ಡಾಲರ್ ದಂಡ, ಆಮೇಲೆ ನ್ಯೂಯಾರ್ಕಿನ ತಂಡಕ್ಕೆ ಸಾಗಹಾಕಲಾಯಿತು. 1981ರಲ್ಲಿ ಸಿಯಾಟಲ್ ತಂಡದಲ್ಲಿದ್ದಾಗ ಗೆರೆಯ ಒಳಗೆ ಮೆಲ್ಲನೆ ಉರುಳುತ್ತಿದ್ದ ಚೆಂಡನ್ನು ನೆಲಕ್ಕೆ ಬಾಗಿ ಬಾಯಿಂದ ಊದಿ ಗೆರೆಯಾಚೆ ದಾಟಿಸಲು ನೋಡಿದ ಪುಣ್ಯಾತ್ಮ ಇವರೇ. ಆ ದೃಶ್ಯ ನೋಡಿ ಅಮೆರಿಕ ಇಂದಿಗೂ ನಗುತ್ತದೆ. 1982ರ ಹೊತ್ತಿಗೆ ಅಮೆರಿಕದಲ್ಲಿ ಅವರ ಆಟ ಮುಗಿದಿತ್ತು. 1983ರಲ್ಲಿ ನೆತ್ತೂನೊಗೆ ಹೋದರು. ಅಲ್ಲಿ ಅವರ ಬ್ಯಾಟಿಂಗ್ ಸರಾಸರಿ .477. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಮೆರಿಕದಲ್ಲಿ ಹತ್ತಕ್ಕೆ ಮೂರು ಸಲ ಹಿಟ್ ಹೊಡೆಯುವವನನ್ನು ದೊಡ್ಡ ಆಟಗಾರ ಎನ್ನುತ್ತಾರೆ. ಇವರು ಇಟಲಿಯಲ್ಲಿ ಸರಿಸುಮಾರು ಎರಡಕ್ಕೊಂದು ಹೊಡೆದರು.

ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಬೇಕೆ? ಹೊಡೆದಾಟ ಇದೆ, ಅವಮಾನ ಇದೆ, ಪರದೇಶದ ಮರುಹುಟ್ಟು ಇದೆ. ಆದರೆ ರ್‍ಯಾಂಡಲ್ ಅವರ ಇಟಲಿ ಒಂದು ಋತುವಿಗೆ ಮುಗಿಯಲಿಲ್ಲ. ನಂತರವೂ ವರ್ಷಗಟ್ಟಲೆ ಅಲ್ಲಿಗೆ ಹೋಗಿ ಬರುತ್ತ, ಭಾಷೆ ಕಲಿತು, ಮಕ್ಕಳಿಗೆ ಆಟ ಹೇಳಿಕೊಟ್ಟರು. 2024ರಲ್ಲಿ ತಮ್ಮ ಎಪ್ಪತ್ತೈದನೇ ವಯಸ್ಸಿನಲ್ಲಿ ತೀರಿಕೊಂಡರು. ಗ್ರಿಶಮ್ ಅವರ ರಿಕ್ ಇಟಲಿಯಲ್ಲಿ ಕಲಿಯುವುದು ಮುಖ್ಯವಾಗಿ ಊಟ ಮಾಡುವುದನ್ನು. ಕಲಿಸುವುದು ಎಂಬ ಕ್ರಿಯೆ ಆ ಕಾದಂಬರಿಯಲ್ಲಿ ತೀರಾ ತೆಳುವಾಗಿದೆ. ಯುರೋಪಿಗೆ ಹೋಗುವ ಅಮೆರಿಕನ್ ಬೇಸ್‌ಬಾಲ್ ಆಟಗಾರರ ಒಪ್ಪಂದದಲ್ಲಾದರೋ ಅದೇ ಅರ್ಧ ಕೆಲಸ. ಜರ್ಮನಿಯಲ್ಲಾಗಲಿ, ಫ್ರಾನ್ಸಿನಲ್ಲಾಗಲಿ, ಕ್ಲಬ್ಬು ಕೊಡುವ ವಿಮಾನದ ಟಿಕೆಟ್ಟು, ಹಂಚಿಕೊಂಡ ಮನೆ, ಒಂದು ಸೈಕಲ್ಲು ಮತ್ತು ತಿಂಗಳ ಸಣ್ಣ ಮೊತ್ತಕ್ಕೆ ಪ್ರತಿಯಾಗಿ ವಾರಾಂತ್ಯ ತಾನು ಆಡಬೇಕು, ವಾರದ ಸಂಜೆಗಳಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳಿಗೆ ಕಲಿಸಬೇಕು.

ಹಾಗಾದರೆ ಈ ಅಮೆರಿಕನ್ನರು ಯಾರು? ನಮ್ಮ ಅಸಮಾಧಾನದ ಎರಡನೆಯ ಮತ್ತು ಹೆಚ್ಚು ಮುಖ್ಯವಾದ ಭಾಗ ಇಲ್ಲಿದೆ. ಒಂದು ದಿನ, ಒಂದು ಪಂದ್ಯ, ಮೂರ್ನಾಲ್ಕು ಕೆಟ್ಟ ಎಸೆತ: ರಿಕ್ ಕೆಟ್ಟದ್ದು ಹೀಗೆ. ಅದು ಅವನ ಖಾಸಗಿ ಮಾನಭಂಗ. ಆದ್ದರಿಂದ ಅದಕ್ಕೆ ಖಾಸಗಿ ಮದ್ದೂ ಸಾಕು. ನಿಜದಲ್ಲಿ ಯುರೋಪಿನ ವಿಮಾನ ಹತ್ತುವ ಆಟಗಾರರಲ್ಲಿ ಬಹುಪಾಲು ಯಾರೂ ಯಾವ ತಂಡವನ್ನೂ ಮುಳುಗಿಸಿದವರಲ್ಲ. ಅವರು ಸುಮ್ಮನೆ ಹೆಚ್ಚಾದವರು. ಅಮೆರಿಕದ ಬೇಸ್‌ಬಾಲ್ ಒಂದು ದೊಡ್ಡ ಜರಡಿ. ಮೇಲಿನ ಮೂವತ್ತು ತಂಡಗಳಿಗೆ ಆಟಗಾರರನ್ನು ಒದಗಿಸಲು ಕೆಳಗೆ ಮೈನರ್ ಲೀಗ್ ಎಂಬ ಮೆಟ್ಟಿಲುಗಳಿವೆ. ಅಲ್ಲಿ ಸಾವಿರಾರು ಹುಡುಗರನ್ನು ತುಂಬಿಟ್ಟು, ಅವರಲ್ಲಿ ಕೆಲವೇ ಮಂದಿಯನ್ನು ಮೇಲಕ್ಕೆತ್ತಿ, ಉಳಿದವರನ್ನು ಇಪ್ಪತ್ತೈದರ ಆಸುಪಾಸಿನಲ್ಲಿ ಮನೆಗೆ ಕಳಿಸಲಾಗುತ್ತದೆ. 2020ರವರೆಗೆ ಕೆಳಗಿನ ಮೆಟ್ಟಿಲಲ್ಲಿ ಕನಿಷ್ಠ ವೇತನ ವಾರಕ್ಕೆ 290 ಡಾಲರ್. ಅದೂ ಪಂದ್ಯಗಳಿರುವ ತಿಂಗಳುಗಳಲ್ಲಿ ಮಾತ್ರ. ಇವರಿಗೆ ಹೆಚ್ಚುವರಿ ದುಡಿಮೆಯ ಕೂಲಿ ಕೊಡಬೇಕಾಗಿಲ್ಲ ಎಂದು 2018ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿತು. ಆ ಕಾನೂನಿಗೆ ಇಟ್ಟ ಹೆಸರು ಅಮೆರಿಕದ ಪ್ರೀತಿಯ ಆಟವನ್ನು ಉಳಿಸುವ ಕಾಯ್ದೆ ಎಂಬರ್ಥದ್ದು! 2021ರಲ್ಲಿ ಮೈನರ್ ಲೀಗಿನ ಅಧಿಕೃತ ತಂಡಗಳನ್ನು 120ಕ್ಕೆ ಇಳಿಸಲಾಯಿತು, ಸುಮಾರು ನಲವತ್ತು ಊರುಗಳ ತಂಡಗಳಿಗೆ ಮೇಲಿನ ಲೀಗಿನ ನಂಟು ಕಡಿದುಹೋಯಿತು. ಆಟಗಾರರು 2014ರಲ್ಲೇ ಹೂಡಿದ್ದ ಕೂಲಿ ಮೊಕದ್ದಮೆ 2022ರಲ್ಲಿ 18.5 ಕೋಟಿ ಡಾಲರಿಗೆ ರಾಜಿಯಾಯಿತು. ಅದೇ ವರ್ಷ ಅವರು ಆಟಗಾರರ ಸಂಘ ಸೇರಿದರು. ಮೊದಲ ಸಾಮೂಹಿಕ ವೇತನ ಒಪ್ಪಂದ ಆದದ್ದು 2023ರಲ್ಲಿ.

ಇನ್ನೊಂದು ಸೂಕ್ಷ್ಮವೂ ಇದೆ. ಚಳಿಗಾಲದಲ್ಲಿ ವೆನೆಜುವೆಲಾ, ಡೊಮಿನಿಕನ್ ರಿಪಬ್ಲಿಕ್‌ಗಳಿಗೆ ಹೋಗಿ ಆಡುವ ಅಮೆರಿಕನ್ನರು ಬೇಸಿಗೆಗೆ ತಮ್ಮ ತಂಡಕ್ಕೆ ಮರಳಬಹುದು. ಯುರೋಪಿನ ಲೀಗುಗಳು ನಡೆಯುವುದು ಮಾತ್ರ ಬೇಸಿಗೆಯಲ್ಲೇ, ಅಮೆರಿಕದ ಋತುವಿನ ಹೊತ್ತಿಗೇ. ಆದ್ದರಿಂದ ಯುರೋಪಿನಲ್ಲಿ ಒಂದು ಋತು ಆಡುವುದೆಂದರೆ ಆ ವರ್ಷದ ಮಟ್ಟಿಗೆ ಅಮೆರಿಕದ ಬಾಗಿಲನ್ನು ತಾನೇ ಎಳೆದುಕೊಂಡಂತೆ. ಹೋಗುವವನಿಗೆ ಇದು ಗೊತ್ತಿರುತ್ತದೆ. ಅದನ್ನು ರಜೆಯ ಪ್ರವಾಸದಂತೆ ಬಣ್ಣಿಸುವ ಬರಹಗಳನ್ನು ನಾವು ಅನುಮಾನದಿಂದ ಓದುವುದು ಇದಕ್ಕೇ. ಗ್ರಿಶಮ್ ಅವರಿಗೆ ಇದು ತಿಳಿಯದ ಲೋಕವೇನಲ್ಲ. ಬಾಲ್ಯದಲ್ಲಿ ಬೇಸ್‌ಬಾಲ್ ಆಟಗಾರನಾಗುವ ಕನಸು ಕಂಡವರು ಅವರು. ದೊಡ್ಡ ಕಂಪೆನಿಗಳು ಚಿಕ್ಕವರನ್ನು ಹಿಂಡುವ ಕಥೆಗಳಿಂದಲೇ ಹೆಸರು ಮಾಡಿದವರೂ ಹೌದು. ಆದರೂ ಇಟಲಿಗೆ ಕಾಲಿಟ್ಟೊಡನೆ ಅವರೊಳಗಿನ ವಕೀಲ ರಜೆ ಹಾಕಿಬಿಡುತ್ತಾನೆ.

ಹೀಗೆ ಒಂದು ಕಡೆ ಜರಡಿಯಿಂದ ಕೆಳಗೆ ಬಿದ್ದ ದುಡಿಮೆಗಾರ, ಇನ್ನೊಂದು ಕಡೆ ಅವನನ್ನು ಗುರುವೆಂದು ಬರಮಾಡಿಕೊಳ್ಳುವ ಊರು. ಇವರಿಬ್ಬರ ನಡುವೆ ಪ್ರೀತಿ ಹುಟ್ಟುವುದು ಸುಳ್ಳಲ್ಲ. ಜೊತೆಗೆ ಲೆಕ್ಕಾಚಾರವೂ ಹುಟ್ಟುತ್ತದೆ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರ್ ಇಡೀ ಆಟದ ಜುಟ್ಟು ಹಿಡಿದವನು. ಕ್ಲಬ್ಬಿನವರು ಪಿಚರ್ ಜಾಗಕ್ಕೆ ವಿದೇಶಿಯನ್ನು ತಂದರೆ ಗೆಲುವು ಬೇಗ ಬರುತ್ತದೆ, ಆದರೆ ಊರಿನ ಹುಡುಗ ಎಸೆಯಲು ಕಲಿಯುವುದು ಯಾವಾಗ? ಐಪಿಎಲ್‌ನಲ್ಲಿ ಹನ್ನೊಂದರಲ್ಲಿ ನಾಲ್ವರೇ ವಿದೇಶಿಯರು ಎಂಬ ಮಿತಿ ನಮ್ಮ ಓದುಗರಿಗೆ ಗೊತ್ತು. ಇಟಲಿಯ ಲೀಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಲವು ಋತುಗಳಲ್ಲಿ ವಾರದ ಪಂದ್ಯಗಳಲ್ಲೊಂದನ್ನು ಇಟಲಿಯಲ್ಲೇ ಕಲಿತ ಪಿಚರ್‌ಗಳಿಗೆ ಮೀಸಲಿಟ್ಟಿತ್ತು. ಬೇಸ್‌ಬಾಲಿನ ಮಂದಿ ಈ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಇದೊಂದು ಸಾಕ್ಷಿ.

ಮಿತಿ ಇದ್ದಲ್ಲಿ ಕಿಂಡಿಯೂ ಇರುತ್ತದೆ. ಇಟಲಿಯ ಕಿಂಡಿಯ ಹೆಸರು ‘ಒರಿಯುಂಡಿ’, ಅಂದರೆ ವಲಸೆ ಹೋದ ಇಟಾಲಿಯನ್ನರ ಸಂತತಿ. ಮುತ್ತಜ್ಜ ನೇಪಲ್ಸ್ ಬಿಟ್ಟು ಹಡಗು ಹತ್ತಿದ್ದನ್ನು ದಾಖಲೆಯಿಂದ ತೋರಿಸಿದರೆ ನ್ಯೂಜೆರ್ಸಿಯ ಯುವಕ ಇಟಲಿಯ ಪಾಸ್‌ಪೋರ್ಟ್ ಪಡೆದು ‘ಸ್ವದೇಶಿ’ ಆಟಗಾರನಾಗಬಹುದಿತ್ತು. 2025ರಲ್ಲಷ್ಟೇ ಇಟಲಿ ಈ ಕಾನೂನನ್ನು ತಂದೆತಾಯಿ, ಅಜ್ಜಅಜ್ಜಿಯರ ಮಟ್ಟಕ್ಕೆ ಬಿಗಿಗೊಳಿಸಿತು. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ವಿಶ್ವಕೂಟದಲ್ಲಂತೂ ನಿಯಮ ಇನ್ನೂ ಸಡಿಲ. 2006ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಮೈಕ್ ಪಿಯಾಜಾ ಇಟಲಿಯ ಪರ ಆಡಿದರು. 2023ರಲ್ಲಿ ಅದೇ ಪಿಯಾಜಾ ಮ್ಯಾನೇಜರ್ ಆಗಿ ಕ್ವಾರ್ಟರ್‌ಫೈನಲ್‌ವರೆಗೆ ಒಯ್ದ ಇಟಲಿ ತಂಡದಲ್ಲಿ ಹೆಚ್ಚಿನವರು ಅಮೆರಿಕದಲ್ಲಿ ಹುಟ್ಟಿ ಬೆಳೆದವರೇ. ಇದರಲ್ಲಿ ನಮಗೆ ಕಾಣುವ ತಪ್ಪು ರಕ್ತಸಂಬಂಧದ ನೆನಪಿನದಲ್ಲ. ಅಜ್ಜನ ಊರನ್ನು ಯಾರಾದರೂ ಪ್ರೀತಿಸಲಿ. ಆದರೆ ಪರದೇಶದಿಂದ ದುಡಿಯಲು ಬಂದ ತಂದೆತಾಯಿಗೆ ಇಟಲಿಯಲ್ಲೇ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಓದಿದ ಮಗು ತನ್ನ ಹುಟ್ಟಿನ ಬಲದ ಮೇಲೆ ಪೌರತ್ವ ಕೇಳಲು ಹದಿನೆಂಟು ವರ್ಷ ತುಂಬುವವರೆಗೆ ಕಾಯಬೇಕು. ಇಟಲಿಯ ನೆಲವನ್ನೇ ಮೆಟ್ಟದವನಿಗೆ ಅಂಗಿ ಮೊದಲು, ಆ ನೆಲದಲ್ಲೇ ಬಿದ್ದು ಎದ್ದು ಮೊಣಕಾಲು ತರಚಿಕೊಂಡವನಿಗೆ ಆಮೇಲೆ.

ಯುರೋಪಿನ ಇನ್ನೊಂದು ಬೇಸ್‌ಬಾಲ್ ನಾಡಾದ ನೆದರ್ಲೆಂಡ್ಸ್ ಬಗ್ಗೆಯೂ ಒಂದು ಮಾತು. 2011ರಲ್ಲಿ ಪನಾಮಾದಲ್ಲಿ ಕ್ಯೂಬಾವನ್ನು 2-1ರಿಂದ ಸೋಲಿಸಿ ಅದು ಬೇಸ್‌ಬಾಲ್ ವಿಶ್ವಕಪ್ ಗೆದ್ದಾಗ ಯುರೋಪು ಗೆದ್ದಿತು ಎಂದು ಬರೆದವರಿದ್ದರು. ಆ ತಂಡದ ಬೆನ್ನೆಲುಬಾಗಿದ್ದವರಲ್ಲಿ ಅನೇಕರು ಡಚ್ಚರ ಹಳೆಯ ವಸಾಹತುಗಳಾದ ಕುರಸಾವ್, ಅರೂಬಾ ದ್ವೀಪಗಳ ಹುಡುಗರು. ಅದು ಬೇರೆಯೇ ಲೇಖನಕ್ಕೆ ವಸ್ತು.

ಇಷ್ಟೆಲ್ಲದರ ನಡುವೆ ಇಟಲಿಯದೇ ಆದ ಒಂದು ಕಥೆಯೂ ಇದೆ. ಸಾನ್ ರೆಮೊ ಊರಿನ ಅಲೆಕ್ಸ್ ಲಿದ್ದಿ. ತಂದೆ ಬೇಸ್‌ಬಾಲ್ ಆಡಿದವರು, ತಾಯಿ ಸಾಫ್ಟ್‌ಬಾಲ್ ಆಡಿದವರು. 2011ರ ಸೆಪ್ಟೆಂಬರಿನಲ್ಲಿ ಸಿಯಾಟಲ್ ಪರ ಮೈದಾನಕ್ಕಿಳಿದಾಗ ಇಟಲಿಯಲ್ಲೇ ಹುಟ್ಟಿ ಬೆಳೆದು ಅಮೆರಿಕದ ಅತ್ಯುನ್ನತ ಲೀಗ್ ಮುಟ್ಟಿದ ಮೊದಲಿಗನಾದರು. 1948ರ ಮೊದಲ ಚಾಂಪಿಯನ್‌ಷಿಪ್‌ನಿಂದ ಲೆಕ್ಕ ಹಾಕಿದರೆ ಅರವತ್ಮೂರು ವರ್ಷ. ಬೇರೆ ಕೆಲಸ ಮಾಡಿಕೊಂಡು ವಾರಾಂತ್ಯದಲ್ಲಿ ಆಡುವ, ಮಕ್ಕಳನ್ನು ಮೈದಾನಕ್ಕೆ ಕರೆತರುವ ಕುಟುಂಬಗಳು ಅಷ್ಟು ವರ್ಷ ಕಾದು ಒಬ್ಬನನ್ನು ಕಳಿಸಿದವು. ಇಂಥ ತಂದೆತಾಯಂದಿರನ್ನು ಪಿಜ್ಜಾಕ್ಕಾಗಿ ಆಡಿದವರು ಎಂದು ಕರೆದು ನಕ್ಕು ಸುಮ್ಮನಾಗಲು ನಮಗೆ ಮನಸ್ಸಾಗುವುದಿಲ್ಲ.

ಗ್ರಿಶಮ್ ಅವರ ಪುಸ್ತಕವನ್ನು ಓದಬೇಡಿ ಎಂದು ನಾವು ಹೇಳುತ್ತಿಲ್ಲ. ರೈಲು ಪ್ರಯಾಣಕ್ಕೆ ಹೇಳಿ ಮಾಡಿಸಿದ ಪುಸ್ತಕ. ಹಸಿವಾಗಿದ್ದಾಗ ಮಾತ್ರ ಓದಬಾರದು, ಅಷ್ಟು ಊಟದ ವರ್ಣನೆಯಿದೆ. ಓದುವಾಗ ರಿಕ್‌ನನ್ನು ಸ್ವಲ್ಪ ಹೊತ್ತು ಬದಿಗೆ ಸರಿಸಿ ಆ ಪೊಲೀಸನನ್ನು, ಆ ಹೋಟೆಲ್ ಮಾಲೀಕನನ್ನು ಗಮನಿಸಿ. ಪಂದ್ಯ ಮುಗಿದ ರಾತ್ರಿ ಮೇಜಿನ ಸುತ್ತ ಕೂತು ಅವರು ಹಾಡು ಹೇಳುತ್ತಿರುತ್ತಾರೆ. ಬೆಳಿಗ್ಗೆ ಊದಿದ ಮೊಣಕಾಲಿಟ್ಟುಕೊಂಡು ಒಬ್ಬ ಠಾಣೆಗೆ ಹೋಗಬೇಕು, ಇನ್ನೊಬ್ಬ ಒಲೆ ಹೊತ್ತಿಸಬೇಕು. ಆ ಬೆಳಗನ್ನು ಯಾರಾದರೂ ಬರೆದಿದ್ದರೆ ಅದನ್ನೂ ಕೊಂಡು ಓದಲು ನಾವು ಸಿದ್ಧ.